ಬಿಸಿಲೆ ತಿರುವಿನಲ್ಲಿ ಕೇಳಿಸಿದ ಇಂಜಿನ್

ನಾನು ಮೊದಲಿನಿಂದಲೂ ಪುಕ್ಕಲ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆನೆ ತಿರುಗಾಡುವ ಸೀಮೆಯಲ್ಲಿ ಕಾಫಿ ತೋಟ ಮಾಡಿಕೊಂಡು ಐವತ್ತು ದಾಟಿದವನು ಪುಕ್ಕಲನಲ್ಲದೆ ಇನ್ನೇನಾಗಿರುತ್ತಾನೆ? ಧೈರ್ಯವಂತರ ಫೋಟೋಗಳು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಾರ ಹಾಕಿಸಿಕೊಂಡು ಗೋಡೆಯ ಮೇಲಿವೆ. ಬೆಳಿಗ್ಗೆ ಎದ್ದರೆ ಆನೆ ಎಲ್ಲಿದೆ ಎಂಬ ಅರಣ್ಯ ಇಲಾಖೆಯ ಮೆಸೇಜನ್ನು ಮೊಬೈಲಿನಲ್ಲಿ ನೋಡಿಯೇ ನಾನು ಹಿತ್ತಿಲ ಬಾಗಿಲು ತೆಗೆಯುವುದು.

ಇಂಥವನಿಗೆ ಒಂದು ಚಟವಿದೆ: ಗಾಡಿಗಳ ಸದ್ದು ಕೇಳುವುದು. ಸಕಲೇಶಪುರದ ಪೇಟೆಯಲ್ಲಿ ಒಂದು ಗ್ಯಾರೇಜು. ಅದರ ಮಾಲೀಕರನ್ನು ಎಲ್ಲರೂ ಭಾಯಿ ಎಂದೇ ಕರೆಯುವುದು. ಕಾಫಿ ಸಾಗಿಸುವ ಲಾರಿಗಳನ್ನು ಅವರಪ್ಪನ ಕಾಲದಿಂದ ರಿಪೇರಿ ಮಾಡಿಕೊಂಡು ಬಂದ ಮನೆತನ. ಅಲ್ಲಿ ನಾವೊಂದು ಆಟ ಆಡುತ್ತೇವೆ. ರಸ್ತೆಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂರಬೇಕು. ಏರು ಹತ್ತಿ ಬರುತ್ತಿರುವುದು ಯಾವ ಗಾಡಿ, ಎಷ್ಟು ಸಿಲಿಂಡರಿನದು, ಯಾವ ಗೇರಿನಲ್ಲಿದೆ ಎಂದು ಬರೀ ಕಿವಿಯಿಂದ ಹೇಳಬೇಕು. ತಿರುಗಿ ನೋಡಿದವನು ಸೋತ ಹಾಗೆ, ಎಲ್ಲರಿಗೂ ಟೀ ಅವನದೇ. ತಲೆನರೆತ ಗಂಡಸರು ಗೋಡೆ ನೋಡಿಕೊಂಡು ಕೂತಿರುವುದನ್ನು ಕಂಡು ಹೊಸಬರು ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ.

ಈ ಹುಚ್ಚಿನಲ್ಲಿ ನಮ್ಮನ್ನೆಲ್ಲ ಮೀರಿಸಿದವನು ನನ್ನ ತಂಗಿಯ ಗಂಡ. ಹೆಗ್ಗದ್ದೆ ಕಡೆ ಅವನದೂ ಸಣ್ಣ ತೋಟ. ಒಬ್ಬಳೇ ಮಗಳು, ಎರಡನೇ ಕ್ಲಾಸು. ತೋಟದ ಕೆಲಸ ಮುಗಿದರೆ ಅವನು ಇರುವುದು ಭಾಯಿಯ ಬೆಂಚಿನ ಮೇಲೆ, ಇಲ್ಲವೇ ಮೊಬೈಲಿನ ಗುಂಪುಗಳಲ್ಲಿ. ಅಲ್ಲಿ ಅವನಂಥ ನೂರಾರು ಮಂದಿ ಸೇರಿಕೊಂಡು, ಇನ್ನೂ ಹುಟ್ಟದ ಕಾರುಗಳ ಜಾತಕ ಬರೆಯುತ್ತಾ ಇರುತ್ತಾರೆ.

ಆ ವರ್ಷ ಅವರೆಲ್ಲರ ತಲೆ ಕೆಡಿಸಿದ್ದು ಒಂದು ಸ್ಪೋರ್ಟ್ಸ್ ಕಾರು. ನಮ್ಮ ದೇಶದ್ದೇ ಕಂಪನಿ, ಮುಂದಿನ ವರ್ಷ ಮಾರುಕಟ್ಟೆಗೆ ಬಿಡುತ್ತದಂತೆ. ಆದರೆ ಬಾನೆಟ್ಟಿನ ಕೆಳಗೆ ಏನಿದೆ ಎಂದು ಕಂಪನಿ ಬಾಯಿ ಬಿಟ್ಟಿರಲಿಲ್ಲ. ಟರ್ಬೊ ಇರುವ ಆರು ಸಿಲಿಂಡರ್ ಎಂದು ತಂಗಿಯ ಗಂಡ. ಎಂಟಕ್ಕಿಂತ ಕಡಿಮೆ ಇದ್ದರೆ ಅದನ್ನು ಸ್ಪೋರ್ಟ್ಸ್ ಕಾರು ಅನ್ನುವುದೇ ತಪ್ಪು ಎಂದು ಭಾಯಿ. ಎರಡೂ ಅಲ್ಲ, ನಾಲ್ಕು ಸಿಲಿಂಡರಿಗೆ ಒಂದು ಬ್ಯಾಟರಿ ಕಟ್ಟಿರುತ್ತಾರೆ ಎಂದು ನಾನು. ಹಾಗಂದದ್ದಕ್ಕೆ ಇಬ್ಬರೂ ಸೇರಿ ನನ್ನ ಮರ್ಯಾದೆ ತೆಗೆದರು. ನಮ್ಮಲ್ಲಿ ಯಾರೂ ಅದನ್ನು ಕೊಳ್ಳುವವರಲ್ಲ, ಒಳಗೆ ಕೂರುವವರೂ ಅಲ್ಲ. ಆದರೂ ಜಗಳ ಮಾತ್ರ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗಿನಷ್ಟು ಜೋರು.

ಇಂಥ ಹೊತ್ತಿನಲ್ಲಿ ಗುಂಪಿಗೆ ಒಂದು ಫೋಟೋ ಬಂತು. ಮೈತುಂಬ ಕಪ್ಪು ಬಿಳಿ ಗೀಟಿನ ಸ್ಟಿಕ್ಕರು ಅಂಟಿಸಿ ಆಕಾರ ಮುಚ್ಚಿದ ಕಾರು, ಬಿಸಿಲೆ ಘಾಟಿಯಲ್ಲಿ. ಪರೀಕ್ಷೆಗೆ ಓಡಿಸುತ್ತಿದ್ದರು. ದಿನಾ ಬೆಳಿಗ್ಗೆ ಮಂಜು ಹರಿಯುವ ಮೊದಲೇ ಕೆಳಗಿನಿಂದ ಹತ್ತಿ ಬರುತ್ತದೆ ಎಂದು ಅಲ್ಲಿನ ಟೀ ಅಂಗಡಿಯವನು ಹೇಳಿದನಂತೆ. ಆದರೆ ಸದ್ದನ್ನು ಯಾರೂ ಹಿಡಿದಿರಲಿಲ್ಲ. ತಂಗಿಯ ಗಂಡನ ನಿದ್ದೆ ಹಾರಿಹೋಯಿತು.

"ಭಾವ, ನಿಮ್ ಜೀಪಲ್ಲಿ ಹೋಗಣ. ಒಂದ್ಸಲ ಆ ಸೌಂಡ್ ರೆಕಾರ್ಡ್ ಮಾಡ್ಬುಟ್ರೆ ಎಲ್ರ ಬಾಯ್ ಮುಚ್ತದೆ."

"ಬಿಸಿಲೇಲಿ ಆನೆ ಐತೆ ಮಾರಾಯ."

"ಎಲ್ಲಿಲ್ಲ ಹೇಳಿ?"

ಮರುದಿನ ಬೆಳಿಗ್ಗೆ ನೋಡಿದರೆ, ಆನೆಗಳ ಗುಂಪು ಆಲೂರು ಕಡೆಯ ತೋಟಗಳಲ್ಲಿದೆ ಎಂದು ಮೆಸೇಜು. ಅದೊಂದು ಧೈರ್ಯದ ಮೇಲೆ, ಭಾಯಿಯನ್ನೂ ಕೂರಿಸಿಕೊಂಡು ತಂಗಿಯ ಮನೆಗೆ ಹೋದೆ. ತಂಗಿ ಬಾಗಿಲಿಗೆ ಬಂದು, "ನೀನಿದೀಯ ಅಂತ ಸುಮ್ನಿದೀನಣ್ಣ. ಇವ್ರು ಕಾರ್ ಅಂದ್ರೆ ಮೈ ಮರೀತಾರೆ," ಎಂದಳು. ಅವಳು ಒಳಗೆ ಹೋದದ್ದೇ ತಡ, ಇವನು ಅಂಗಳದ ತಂತಿಯಲ್ಲಿ ಒಣಗಲು ಹಾಕಿದ್ದ ಮಗಳ ಉಣ್ಣೆಯ ಕಾಲುಚೀಲವೊಂದನ್ನು ಎಳೆದು ಜೇಬಿಗಿಟ್ಟುಕೊಂಡ. ಮೊಬೈಲಿಗೆ ಹಾಕಿದರೆ ಗಾಳಿಯ ಸದ್ದು ಹಿಡಿಯುವುದಿಲ್ಲವಂತೆ.

ನನ್ನ ಜೀಪಿನ ವಿಷಯ ಇಲ್ಲಿ ಹೇಳಲೇಬೇಕು. ಅದರ ಸೆಲ್ಫ್ ಸತ್ತು ಬಹಳ ಕಾಲವಾಗಿತ್ತು. ಎಲ್ಲಿ ನಿಲ್ಲಿಸಿದರೂ ಇಳಿಜಾರಿಗೆ ಮೂತಿ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಬೇಕು. ಹೊರಡುವಾಗ ಕಲ್ಲು ತೆಗೆದರೆ ಅದು ತಾನಾಗಿ ಉರುಳಿ, ಸ್ವಲ್ಪ ದೂರದಲ್ಲಿ ಸ್ಟಾರ್ಟ್ ಆಗುತ್ತದೆ. ಭಾಯಿ ರಿಪೇರಿ ಮಾಡುತ್ತೇನೆ ಅನ್ನುತ್ತಲೇ ಇದ್ದರು, ನಾನು ನಾಳೆ ತರುತ್ತೇನೆ ಅನ್ನುತ್ತಲೇ ಇದ್ದೆ.

ಘಾಟಿಯಲ್ಲಿ ಒಂದು ಉದ್ದನೆಯ ಇಳಿಜಾರು. ಅದರ ಕೊನೆಗೆ ಒಂದು ಮೋರಿ, ಮೋರಿಯ ಮೇಲೆಯೇ ರಸ್ತೆ ತಿರುಗುತ್ತದೆ. ಜೀಪನ್ನು ಮೇಲೆ ನಿಲ್ಲಿಸಿದೆವು. ಮಂಜು ಎಷ್ಟಿತ್ತೆಂದರೆ ಮೋರಿಯ ಕಟ್ಟೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಅಲ್ಲಿಯವರೆಗೆ ಹೋಗಿ ನಿಂತರೆ ಕಾರು ತಿರುವಿನಲ್ಲಿ ಗೇರು ಇಳಿಸುವ ಸದ್ದು ಚೆನ್ನಾಗಿ ಸಿಗುತ್ತದೆ ಎಂದ ತಂಗಿಯ ಗಂಡ. ಬೇಡ ಎಂದೆ. ಅವನು ಆಗಲೇ ಕಾಲುಚೀಲ ತೊಡಿಸಿದ ಮೊಬೈಲನ್ನು ಹಿಡಿದು ಇಳಿದು ಹೋಗಿದ್ದ.

ಭಾಯಿ ಮತ್ತು ನಾನು ಜೀಪಿನ ಹಿಂಬದಿಯ ಹಲಗೆ ಇಳಿಸಿ ಅದರ ಮೇಲೆ ಕೂತೆವು. ಅಂದರೆ ತಿರುವಿಗೆ ನಮ್ಮ ಬೆನ್ನು. ಬೇಕೆಂದೇ ಹಾಗೆ ಕೂತದ್ದು. ಬೆಂಚಿನ ಆಟವನ್ನು ಕಾಡಿಗೂ ಹೊತ್ತುಕೊಂಡು ಹೋಗಿದ್ದೆವು.

ಸ್ವಲ್ಪ ಹೊತ್ತಿಗೆ ಕೇಳಿಸಿತು. ತೀರಾ ತಗ್ಗಿನ ಸದ್ದು. ಕಿವಿಗಿಂತ ಹೆಚ್ಚಾಗಿ, ಕೂತ ಹಲಗೆಯಿಂದ ತೊಡೆಗೆ ಬಂದ ಹಾಗಿತ್ತು. ನಿಂತಲ್ಲೇ ತಿರುಗುತ್ತಿರುವ ದೊಡ್ಡ ಇಂಜಿನ್ನಿನ ಗುಡುಗುಡು. ಭಾಯಿ ಕಣ್ಣು ಮುಚ್ಚಿಕೊಂಡರು.

"ಎಂಟು. ನಾನ್ ಹೇಳಿರ್ಲಿಲ್ವಾ ಅಣ್ಣ?"

"ಆರು ಕಣ್ರೀ, ನಾನಂದ ನಾಲ್ಕಂತೂ ಅಲ್ಲ. ಎಂಟಾಗಿದ್ರೆ ಇನ್ನೂ ನಯವಾಗಿರೋದು."

"ಮತ್ತೆ ಯಾಕ್ ನಿಂತೈತೆ? ಮುಂದಕ್ ಬತ್ತಿಲ್ಲ?"

"ಬಿಸಿ ಮಾಡ್ತಾವ್ರೇನೋ."

ಖುಷಿಯೋ ಖುಷಿ ನಮಗೆ. ಸದ್ದು ನಿಂತಿತು. ಆಮೇಲೆ ಮತ್ತೆ ಬಂತು, ಈ ಸಲ ಎಡಗಡೆಯಿಂದ, ರಸ್ತೆಗಿಂತ ಮೇಲಿನಿಂದ. ಅಲ್ಲಿ ಬೈನೆ ಮರಗಳು ಬೆಳೆದ ಕಡಿದಾದ ದರೆ ಬಿಟ್ಟರೆ ಬೇರೇನೂ ಇಲ್ಲ. ಇಂಜಿನ್ ದರೆ ಹತ್ತುವುದಿಲ್ಲ. ನನ್ನ ತಲೆಗೆ ಅದು ಹೊಳೆಯುವುದಕ್ಕೂ ಹಸಿ ಮರ ಸಿಗಿದ ಸದ್ದಾಗುವುದಕ್ಕೂ ಸರಿಹೋಯಿತು. ಭಾಯಿಯ ಮುಖ ನೋಡಿದೆ. ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಇಬ್ಬರೂ ಒಟ್ಟಿಗೇ ತಿರುಗಿದೆವು.

ಒಂಟಿ ಸಲಗ ದರೆಯಿಂದ ಇಳಿದು ರಸ್ತೆಯ ನಡುವೆ ನಿಂತಿತ್ತು. ಅದರ ಹಿಂಭಾಗ ನಮ್ಮ ಕಡೆಗೆ. ಮುಖ ಮೋರಿಯ ಕಡೆಗೆ. ಮೋರಿಯ ಹತ್ತಿರ, ಮಂಜು ಸರಿದಾಗ, ಎರಡೂ ಕೈಯಲ್ಲಿ ಮೊಬೈಲು ಹಿಡಿದು ನಿಂತ ನನ್ನ ತಂಗಿಯ ಗಂಡ ಕಂಡ. ಮತ್ತೆ ಮಂಜು ಮುಚ್ಚಿತು.

ಹೆದರಿಕೆ ಎಂದರೆ ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಗೊತ್ತಿರಲಿಲ್ಲ. ಇಷ್ಟು ಕಾಲ ನಾನು ಹೆದರಿದ್ದೆಲ್ಲ ನನ್ನ ಜೀವಕ್ಕೆ. ಅದಕ್ಕೆ ಓಡಬಹುದು, ಬಾಗಿಲು ಹಾಕಿಕೊಳ್ಳಬಹುದು. ಇದಕ್ಕೆ ಏನೂ ಮಾಡುವಂತಿರಲಿಲ್ಲ. ಕೂಗಿದರೆ ಆನೆ ಬೆದರಿ ಮುಂದಕ್ಕೆ ನುಗ್ಗುತ್ತದೆ, ಮುಂದೆ ಇರುವವನು ಅವನು. ಜೀಪು ಸ್ಟಾರ್ಟ್ ಮಾಡಬೇಕೆಂದರೆ ಕಲ್ಲು ತೆಗೆದು ಅದೇ ಆನೆಯ ಕಡೆಗೆ ಉರುಳಿಸಬೇಕು. ನಾನು ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು ಕಲ್ಲಿನ ಮೇಲೆ ಕೈಯಿಟ್ಟುಕೊಂಡಿದ್ದೆ. ತೆಗೆದರೆ ಅವನನ್ನು ಕೊಂದಂತೆಯೋ, ತೆಗೆಯದಿದ್ದರೆ ಕೊಂದಂತೆಯೋ ತಿಳಿಯುತ್ತಿರಲಿಲ್ಲ. ಭಾಯಿ ನನ್ನ ಮಣಿಕಟ್ಟು ಹಿಡಿದುಕೊಂಡರು. ನನ್ನ ತಂಗಿ ಬಾಗಿಲಲ್ಲಿ ನಿಂತು ಹೇಳಿದ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು. ಯಾವ ಮುಖ ಹೊತ್ತು ಆ ಅಂಗಳಕ್ಕೆ ಹೋಗಲಿ?

ಆಗ ಕಾರು ಬಂತು. ಬಂತು ಎಂದು ಗೊತ್ತಾಗಿದ್ದು ಕಣ್ಣಿಗೆ. ತಿರುವಿನ ಮಂಜಿನಲ್ಲಿ ಎರಡು ದೀಪ ಹುಟ್ಟಿಕೊಂಡವು, ಅಷ್ಟೆ. ಇಂಜಿನ್ನಿನ ಸದ್ದು ಒಂದು ಚೂರೂ ಇಲ್ಲ, ಬರೀ ಬ್ಯಾಟರಿಯಲ್ಲಿ ಬಂದಿತ್ತು. ಒದ್ದೆ ಜಲ್ಲಿಯ ಮೇಲೆ ಟೈರು ಉರುಳಿದ ಸದ್ದು ಮಾತ್ರ. ಲಾರಿಯೋ ಬಸ್ಸೋ ಆಗಿದ್ದರೆ ಕೆಳಗಿನ ತಿರುವಿನಿಂದಲೇ ತಾನು ಬರುತ್ತಿದ್ದೇನೆಂದು ಹೇಳಿಕೊಂಡು ಬರುತ್ತಿತ್ತು, ಆನೆಗೂ ದಾರಿ ಬಿಡಲು ಪುರುಸೊತ್ತು ಸಿಗುತ್ತಿತ್ತು. ಇದು ಕಳ್ಳನ ಹಾಗೆ ಬಂದು ಎದುರಿಗೆ ನಿಂತಿತು. ಆನೆಯ ಕಿವಿಗಳೆರಡೂ ಅಗಲವಾದವು. ಸೊಂಡಿಲು ಮೇಲೆದ್ದಿತು. ಹಿಂದೆ ಕಾರು, ಮುಂದೆ ಆನೆ, ನಡುವೆ ಅವನು.

ಆನೆ ತಲೆ ಕೊಡವಿ ಮುಂದಕ್ಕೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ. ಮುಚ್ಚಬಾರದಿತ್ತೇನೋ, ಆದರೆ ಮುಚ್ಚಿಕೊಂಡೆ. ಭಾಯಿ ಅವರ ದೇವರನ್ನು ಕರೆಯುತ್ತಿದ್ದರು, ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ. ಮತ್ತೆ ಕಣ್ಣು ಬಿಟ್ಟಾಗ ದೀಪಗಳು ಹಿಂದಕ್ಕೆ ಹಿಂದಕ್ಕೆ ಸರಿದು, ಬಂದಷ್ಟೇ ಸದ್ದಿಲ್ಲದೆ ಮಾಯವಾದವು. ಆನೆ ಖಾಲಿ ರಸ್ತೆಯನ್ನು ನೋಡುತ್ತಾ ನಿಂತಿತು. ಆಮೇಲೆ ರಸ್ತೆಯ ಆಚೆ ಬದಿಯ ಕಣಿವೆಗೆ, ಏನೂ ಆಗಿಲ್ಲವೆಂಬಂತೆ, ಇಳಿದು ಹೋಯಿತು.

ಬಿದಿರು ಮುರಿಯುವ ಸದ್ದು ದೂರವಾಗುವವರೆಗೆ ಕಾದು ಇಬ್ಬರೂ ಕೆಳಕ್ಕೆ ಓಡಿದೆವು. ರಸ್ತೆಯಲ್ಲಿ ಅವನಿರಲಿಲ್ಲ. ಮೋರಿಯ ಕಟ್ಟೆಯಿಂದ ಕೆಳಕ್ಕೆ ಬಗ್ಗಿ ನೋಡಿದೆ. ಮೋರಿಯೊಳಗಿಂದ ಕೆಮ್ಮು ಕೇಳಿಸಿತು. ಪೈಪಿನೊಳಗೆ, ಕೆಸರು ನೀರಿನಲ್ಲಿ, ಮಂಡಿ ಮಡಚಿಕೊಂಡು ಕೂತಿದ್ದ. ಕಾಲುಚೀಲದ ಮೊಬೈಲು ಎದೆಗೆ ಒತ್ತಿಕೊಂಡೇ ಇತ್ತು. ಹೊರಗೆ ಎಳೆದಾಗ ಹಲ್ಲು ಕಟಕಟಿಸುತ್ತಾ ಅವನು ಕೇಳಿದ್ದು, "ಇಂಜಿನ್ ಕೇಳುಸ್ತಾ ಭಾವ?"

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ತಬ್ಬಿಕೊಂಡೆ.

"ಮನೇಲಿ ಹೇಳ್ಬೇಡಿ," ಎಂದು ದಾರಿಯುದ್ದಕ್ಕೂ ಅದೊಂದೇ ಮಾತು. ನಾವೂ ಹೇಳಲಿಲ್ಲ. ಜಾರಿ ಚರಂಡಿಗೆ ಬಿದ್ದ ಎಂದೆವು. ತಂಗಿ ಒದ್ದೆ ಬಟ್ಟೆ ನೋಡಿ ನಕ್ಕಳು. "ಮಗೀದು ಒಂದು ಕಾಲ್ಚೀಲ ಕಾಣುಸ್ತಿಲ್ಲ ಕಣ್ರೀ. ಅತ್ಕೊಂಡೇ ಸ್ಕೂಲಿಗೆ ಹೋದ್ಲು. ಗಾಳೀಗ್ ಹಾರೋಯ್ತೋ ಏನೋ," ಎಂದಳು. ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದ.

ಅವನು ಆ ರೆಕಾರ್ಡನ್ನು ಕೇಳಿರಲೇ ಇಲ್ಲ. ಕೇಳಲು ಧೈರ್ಯ ಬರಲಿಲ್ಲ ಎಂದು ಆಮೇಲೆ ಹೇಳಿದ. ಆದರೆ ಗುಂಪಿನವರು ಬಿಡಬೇಕಲ್ಲ. ಒಂದು ಭಾನುವಾರ ಹಾಸನದಿಂದಲೂ ಕೆಲವರು ಬಂದರು. ಭಾಯಿ ಮೊಬೈಲನ್ನು ಸ್ಪೀಕರಿಗೆ ಜೋಡಿಸಿದರು. ಎಲ್ಲರೂ ಅಭ್ಯಾಸಬಲದಿಂದ ರಸ್ತೆಗೆ ಬೆನ್ನು ಹಾಕಿ ಕೂತೆವು. ಅವನು ನನ್ನ ಪಕ್ಕದಲ್ಲಿದ್ದ.

ಮೊದಲು ಹಕ್ಕಿ. ಎಲೆಯಿಂದ ನೀರು ತೊಟ್ಟಿಕ್ಕುವುದು. ಆಮೇಲೆ ಸಲಗದ ಆ ಗುಡುಗುಡು. ಹಾಸನದವನೊಬ್ಬ ಮುಂದಕ್ಕೆ ಬಾಗಿ, "ಆರು, ಗ್ಯಾರಂಟಿ," ಎಂದ. ಮರ ಸಿಗಿಯಿತು. ಸಣ್ಣಗೆ ಟೈರಿನ ಸದ್ದು. ನಂತರ ಪೈಪಿನೊಳಗಿನ ಉಸಿರು, ಗೂಡೆಯೊಳಗೆ ಸಿಕ್ಕ ಕೋಳಿಯ ಏದುಸಿರಿನಂತೆ. ಆ ಉಸಿರಿನ ನಡುವೆ ಪಿಸುಮಾತು.

"ಭಾವ, ಜೀಪ್ ಬುಡ್ಬೇಡಿ. ಅಲ್ಲೇ ಇರಿ, ನೀವಾದ್ರೂ ಇರಿ. ಪಾಪು ಕಾಲ್ಚೀಲ ಹುಡುಕ್ತಿರ್ತಾಳೆ. ಅಪ್ಪನೇ ತಗಂಡೋಗಿದ್ದ ಅಂತ ಹೇಳಿ."

ಪಕ್ಕದಲ್ಲಿದ್ದವನು ನೆಲ ನೋಡುತ್ತಿದ್ದ. ತಾನು ಮಾತಾಡಿದ್ದೇ ಅವನಿಗೆ ನೆನಪಿರಲಿಲ್ಲ. ನಾನು ಅವನ ಮಂಡಿಯ ಮೇಲೆ ಕೈಯಿಟ್ಟೆ. ಭಾಯಿ ಎದ್ದು ಸ್ಪೀಕರ್ ಆಫ್ ಮಾಡಿದರು. ಇನ್ನೊಂದು ಸಲ ಹಾಕಿ ಎಂದು ಯಾರೂ ಕೇಳಲಿಲ್ಲ.