ತಪ್ಪು ಹ್ಯಾಂಡಲ್ಲಿನದಂತೆ

ತಂಗಿ ಬಿದ್ದದ್ದನ್ನು ಕಂಡವನು ನಾನೊಬ್ಬನೇ. ಆದ್ದರಿಂದ ಕಂಡಷ್ಟನ್ನೇ ಬರೆಯುತ್ತೇನೆ.

ಆಕೆ ಅಗಡಿ ಕಡೆಯ ಬೀಜದ ಪ್ಲಾಟಿನಲ್ಲಿ ಮೆಣಸಿನಕಾಯಿ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ ಮಾಡುತ್ತಾಳೆ. ಬಿಸಿಲೇರುವ ಮೊದಲೇ ಅಲ್ಲಿರಬೇಕು. ನಮ್ಮೂರು ಕರ್ಜಗಿಯಿಂದ ಆ ಹೊತ್ತಿಗೆ ಅತ್ತ ಬಸ್ಸಿಲ್ಲ. ನನ್ನ ಹಳೆಯ ಮೌಂಟೇನ್ ಸೈಕಲ್ ಕೊಟ್ಟೆ. ಅದರ ಮುಂದಿನ ಗಾಲಿ ಹಿಡಿಯುವ ಸ್ಪ್ರಿಂಗ್ ಫೋರ್ಕ್ ತುಕ್ಕು ಹಿಡಿದು ಅಲುಗುತ್ತಿರಲಿಲ್ಲ, ಭಾರ ಮಾತ್ರ ಉಳಿದಿತ್ತು. ಮನೆಗೆ ಬಂದು ತೊಡೆ ಹಿಡಿದುಕೊಂಡು ಕೂರುತ್ತಿದ್ದಳು.

ಹಾಗಾಗಿ ಅದನ್ನು ಗ್ರಾವೆಲ್ ಸೈಕಲ್ ಮಾಡಿದೆ, ಡಾಂಬರಿನ ಮೇಲೂ ಗರಸಿನ ಕಚ್ಚಾ ದಾರಿಯ ಮೇಲೂ ಹಗುರವಾಗಿ ಓಡುವಂಥದ್ದು. ರಾಣೆಬೆನ್ನೂರಿನಲ್ಲಿ ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕ್ ಸಿಕ್ಕಿತು. ಟೈರು ಸಣ್ಣದು ಹಾಕಿದೆ. ಹ್ಯಾಂಡಲ್ ಮುಂದಕ್ಕೆ ಹೋಗಿ ಕೆಳಕ್ಕೆ ಬಾಗುವಂಥದ್ದು. ಅಂಥ ಹ್ಯಾಂಡಲ್ಲಿನ ಲಿವರ್ ತಂತಿಯನ್ನು ಕಡಿಮೆ ಎಳೆಯುತ್ತದೆ, ಹಳೆಯ ಬ್ರೇಕಿಗೆ ಅದು ಸಾಲದು. ಅದಕ್ಕೆಂದೇ ಅಷ್ಟೇ ಎಳೆತಕ್ಕೆ ಹಿಡಿಯುವ ಗಿಡ್ಡ ತೋಳಿನ ಬ್ರೇಕ್ ತರಿಸಿದೆ. ಇಳಿಜಾರಿನಲ್ಲಿ ನಾನೇ ಹಿಡಿದು ನೋಡಿ ಆಮೇಲೆ ಕೊಟ್ಟೆ.

“ಟಗರಿನ ಕೊಂಬು ಹಚ್ಚೀಯಲ್ಲೋ. ಯಾರಿಗೆ ಹಾಯಾಕ ಹೊಂಟಾಳ ನಿನ್ನ ತಂಗಿ?” ಎಂದು ದೊಡ್ಡಪ್ಪ ನಕ್ಕ.

“ನೀವು ಅಡ್ಡ ಬರಬ್ಯಾಡ್ರಿ, ಅಷ್ಟ ಸಾಕು,” ಎಂದಳು ತಂಗಿ.

ನಮ್ಮಲ್ಲಿ ಗೋವಿನಜೋಳವನ್ನು ಅರ್ಧ ರಸ್ತೆಗೆ ಹರವಿ ಒಣಗಿಸುತ್ತಾರೆ. ಗಾಲಿ ಹತ್ತಬಾರದೆಂದು ಅಂಚಿಗೆ ಸಾಲಾಗಿ ಕಲ್ಲು ಇಡುತ್ತಾರೆ. ಸಂಜೆ ಕಾಳು ಬಳಿದು ಚೀಲಕ್ಕೆ ತುಂಬುತ್ತಾರೆ, ಕಲ್ಲು ತೆಗೆಯುವುದಿಲ್ಲ. ಅದು ಮರೆವಲ್ಲ. ಕಲ್ಲು ಯಾರದೋ ಜಾಗ ಅವರದು. ತೆಗೆದರೆ ಬೆಳಿಗ್ಗೆ ಇನ್ನೊಬ್ಬರು ಬಂದು ಹರವುತ್ತಾರೆ.

ಆ ದಿನ ಸಂಜೆ ಮಬ್ಬುಗತ್ತಲಲ್ಲಿ ತಂಗಿ ಮರಳುತ್ತಿದ್ದಳು. ಹಿಂದೆ ಬೈಕಿನಲ್ಲಿ ನಾನಿದ್ದೆ. ಎದುರಿಗೆ ಒಂದು ಟೆಂಪೊ ದೀಪ ಉರಿಸಿಕೊಂಡು ಬಂತು. ತಂಗಿ ಬ್ರೇಕ್ ಹಿಡಿದಳು, ಸೈಕಲ್ಲಿನ ವೇಗ ಇಳಿಯಿತು. ಇದನ್ನು ನಾನು ಕಂಡಿದ್ದೇನೆ. ಎಡಕ್ಕೆ ಸರಿದಳು. ಮುಂದಿನ ಗಾಲಿ ಕಲ್ಲಿಗೆ ಬಡಿದು ಹೊರಳಿತು. ಬಲಗೈ ಊರಿ ಬಿದ್ದಳು. ಟೆಂಪೊ ನಿಲ್ಲಲಿಲ್ಲ. ಕಲ್ಲು ತೆಂಗಿನಕಾಯಿಯಷ್ಟಿತ್ತು. ಕಾಣಲೆಂದು ಬಳಿದ ಸುಣ್ಣ ಹೊಲದ ಕಡೆಗಿತ್ತು, ನಮ್ಮ ಕಡೆಗೆ ಬರಿ ಕಪ್ಪು. ಬೈಕನ್ನು ಅಲ್ಲೇ ಬಿಟ್ಟು ಓಡಿ ಅವಳನ್ನು ಎಬ್ಬಿಸಿದೆ.

ಹಾವೇರಿಯ ಆಸ್ಪತ್ರೆಯಲ್ಲಿ ಮಣಿಕಟ್ಟು ಮುರಿದಿದೆ ಎಂದರು. ಆಕೆ ಹೂವು ಹಿಡಿಯುವುದು ಆ ಕೈಯಿಂದಲೇ.

ಮನೆಯಲ್ಲಿ ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಟ್ಟ. “ಬ್ರೇಕ್ ಹತ್ತಿಲ್ಲ. ಎಲ್ಲಾ ಆ ಹ್ಯಾಂಡಲ್ಲಿಂದ ಆತು. ನಾಳೆನ ಗುಜರಿಗೆ ಹಾಕು.”

ಅಪ್ಪ ಹೌದೆಂದು ತಲೆಯಾಡಿಸಿದ.

“ಕಲ್ಲು ಯಾರದು, ದೊಡ್ಡಪ್ಪ?” ಎಂದೆ. ಅವನದೇ ಎಂದು ನನಗೆ ಗೊತ್ತಿತ್ತು.

“ಕಲ್ಲು ಎಲ್ಲಾರೂ ಇಡ್ತಾರಪ. ನೋಡಕೊಂಡು ಬರಬೇಕು.”

ಎಲ್ಲರೂ. ಆ ಮಾತು ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ. ಎಲ್ಲರೂ ಇಟ್ಟರೆ ಅದು ಯಾರೂ ಇಟ್ಟದ್ದಲ್ಲ, ಬಿದ್ದವಳದೇ ತಪ್ಪು. ನಾನು ಸೈಕಲ್ ತಂದು ಅಪ್ಪನ ಮುಂದೆ ನಿಲ್ಲಿಸಿದೆ. ಮುಂದಿನ ರಿಮ್ ಒಂದು ಕಡೆ ಒಳಕ್ಕೆ ನುಗ್ಗಿತ್ತು. ಹಿಂದಿನ ಗಾಲಿ ತಿರುಗಿಸಿ, “ನೀವ ಹಿಡೀರಿ,” ಎಂದೆ. ಅಪ್ಪ ಲಿವರ್ ಒತ್ತಿದ. ಗಾಲಿ ಅಲ್ಲೇ ನಿಂತಿತು. ಮುಂದಿನದನ್ನೂ ಒತ್ತಿ ನೋಡಿದ. ಅದೂ ಹಿಡಿಯಿತು.

ನಾನು ಅದೇ ರಾತ್ರಿ ರಸ್ತೆಗೆ ಹೋಗಿ ಆ ಸಾಲಿನ ಕಲ್ಲುಗಳನ್ನೆಲ್ಲ ಚರಂಡಿಗೆ ಉರುಳಿಸಿದೆ. ಬೆಳಿಗ್ಗೆ ನೋಡಿದರೆ ಅಲ್ಲಿ ಬೇರೆಯವರ ಕಲ್ಲು, ಬೇರೆಯವರ ಗೋವಿನಜೋಳ.

ದೊಡ್ಡಪ್ಪ ಬಾಗಿಲಿಗೇ ಬಂದ. “ಪ್ರತಿ ವರ್ಷಾ ಹಿಡದ ಜಾಗಾ ಕಳದೆಲ್ಲೋ. ಇನ್ನ ಎಲ್ಲಿ ಹರವಲಿ?” ಕೈ ಹೇಗಿದೆ ಎಂದು ಕೇಳಲಿಲ್ಲ.

ಒಳಗಿನಿಂದ ತಂಗಿ, “ಯವ್ವಾ, ದೊಡ್ಡಪ್ಪಗ ಚಾ ಇಡಬ್ಯಾಡ,” ಎಂದಳು.

“ನೋಡಿದಿ, ಸೈಕಲ್ ಹತ್ತಿ ಎಷ್ಟ ಬಾಯಿ ಬಂದೈತಿ ಅಕಿಗೆ. ಗುಜರಿಗೆ ಹಾಕಂದ್ನಿ,” ಎಂದು ದೊಡ್ಡಪ್ಪ ಅಪ್ಪನ ಕಡೆ ತಿರುಗಿದ.

ಅಣ್ಣನ ಎದುರು ಅಪ್ಪ ದನಿ ಎತ್ತಿದವನಲ್ಲ. ಆಗಲೂ ಎತ್ತಲಿಲ್ಲ. “ಸೈಕಲ್ ಇರ್ತೈತಿ, ಅಣ್ಣಾ. ಕೈ ಕೂಡಿದ ಮ್ಯಾಲ ಅದರ ಮ್ಯಾಲೇ ಹೋಗ್ತಾಳ. ನೀ ಕಲ್ಲಿನ ಮಾತಾಡು.”

ಆ ಮಾತನ್ನು ದೊಡ್ಡಪ್ಪ ಇದುವರೆಗೆ ಆಡಿಲ್ಲ.