ಸ್ಟಾಫ್ ರೂಮಿನಲ್ಲಿ ಕಲಿತದ್ದು

ಚಚಡಿಯ ಟೆಂಪೋ ಚಾಲಕ ಮುರ್ತುಜಾಸಾಬರ ಮಗಳು ಜನ್ನತ. ಆರು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು, ಬೈಲಹೊಂಗಲದ ಒಂದು ನರ್ಸಿಂಗ್ ಶಾಲೆಗೆ ಪಾಠ ಹೇಳಲು ಬಂದಳು. ಎಮರ್ಜೆನ್ಸಿ ವಾರ್ಡಿನಲ್ಲಿ ಕುಡುಕರನ್ನೂ ಅವರ ಬೀಗರನ್ನೂ ಸಂಭಾಳಿಸಿದವಳಿಗೆ ಸ್ಟಾಫ್ ರೂಮು ಏನು ಮಹಾ ಅನಿಸಿತ್ತು.

ಅಲ್ಲಿ ಗಂಗೂಬಾಯಿ ಮೇಡಂ ಇದ್ದರು. ಇಪ್ಪತ್ತೆರಡು ವರ್ಷದ ಅನುಭವ. ಜನ್ನತ ದಿನಾ ಮುಂಜಾನೆ "ನಮಸ್ಕಾರ್ರಿ ಮೇಡಂ" ಅಂದರೆ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ "ಹೂಂ" ಅನ್ನುತ್ತಿದ್ದರು, ಅಷ್ಟೇ. ಮೀಟಿಂಗಿನಲ್ಲಿ ಅವಳು ಬಾಯಿ ತೆರೆದರೆ, "ಮೊದ್ಲ ಕೇಳಬೇಕು, ಆಮ್ಯಾಲೆ ಹೇಳಬೇಕು" ಎಂದು ತಡೆಯುತ್ತಿದ್ದರು. ಒಮ್ಮೆ ವಿದ್ಯಾರ್ಥಿನಿಯರ ಎದುರೇ ಅವಳು ಹಾಸಿದ ಹಾಸಿಗೆಯನ್ನು ಕಿತ್ತು ಮತ್ತೆ ಹಾಸಿಸಿದರು. ಚಾದರದ ಮೂಲೆ ಎರಡು ಬೆರಳು ವಾರೆಯಾಗಿತ್ತಂತೆ. ಆ ದಿನ ಊರಿನ ಬಸ್ಸಿನಲ್ಲಿ ಜನ್ನತ ಕಿಟಕಿಗೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

ಹಿರಿಯರಿಗೆ ಎದುರಾಡಲಿಲ್ಲ. ಆದರೆ ಆ ಸಿಟ್ಟು ಚಹಾ ತರುವ ಬಾಯವ್ವನ ಮೇಲೆ ಬೀಳುತ್ತಿತ್ತು. "ಅಲ್ಲಿಡು, ಹೋಗು." ತಾನು ಹಾಗೆ ಮಾತಾಡುತ್ತಿದ್ದೇನೆ ಎಂಬುದೇ ಅವಳಿಗೆ ಗೊತ್ತಾಗಲಿಲ್ಲ.

ಮಾರ್ಚ್ ತಿಂಗಳಲ್ಲಿ ಎರಡನೇ ವರ್ಷದವರಿಗೆ ಅಭಿನಯದ ಪರೀಕ್ಷೆ ಬಂತು. ರೋಗಿಯ ಮನೆಯವರ ಜೊತೆ ನರ್ಸ್ ಹೇಗೆ ಮಾತಾಡಬಾರದು ಎಂಬುದನ್ನು ಮಾಡಿ ತೋರಿಸಬೇಕು. ಅಂಕ ಹಾಕಲು ಗಂಗೂಬಾಯಿ, ಜನ್ನತ ಅಕ್ಕಪಕ್ಕ ಕುಳಿತರು.

ಮುರಗೋಡದ ಹುಡುಗಿ ಶ್ರದ್ಧಾ ನರ್ಸ್ ಆದಳು. ಅವಳ ಗೆಳತಿ ಸೆರಗು ಹೊದ್ದು ಮುದುಕಿಯಾಗಿ ಬಂದಳು.

"ನಮಸ್ಕಾರ್ರಿ ಸಿಸ್ಟರ್."

ಶ್ರದ್ಧಾ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದಳು. "ಹೂಂ."

"ನಮ್ಮ ಸೊಸಿಗೆ ಜ್ವರಾನ ಇಳದಿಲ್ರಿ."

"ಮೊದ್ಲ ಕೇಳಬೇಕು, ಆಮ್ಯಾಲೆ ಹೇಳಬೇಕು."

ಹಿಂದಿನ ಸಾಲಿನವರು ದುಪಟ್ಟಾ ಬಾಯಿಗೆ ಒತ್ತಿಕೊಂಡರು. ಮುದುಕಿ ರಕ್ತ ಪರೀಕ್ಷೆಯ ಚೀಟಿ ಚಾಚಿದಳು. "ಅಲ್ಲಿಡು, ಹೋಗು," ಅಂದಳು ಶ್ರದ್ಧಾ.

ಗಂಗೂಬಾಯಿ ಮೇಜು ಬಡಿದರು. "ಛೀ! ಏನು ಉದ್ಧಟತನ! ಎಲ್ಲಿ ಕಲತೀ ಇದನ್ನ?"

ಶ್ರದ್ಧಾ ಗಾಬರಿಯಲ್ಲಿ ನಿಜ ಹೇಳಿಬಿಟ್ಟಳು. "ಸ್ಟಾಫ್ ರೂಮಿನ್ಯಾಗರಿ ಮೇಡಂ."

ಗಂಗೂಬಾಯಿ ಮೂಗಿನ ತುದಿಯಲ್ಲಿದ್ದ ತಮ್ಮ ಕನ್ನಡಕವನ್ನು ಮೆಲ್ಲಗೆ ಮೇಲೇರಿಸಿದರು. ಜನ್ನತಳಿಗೆ ನಗು ಉಕ್ಕಿ ಬಂತು. ಅಷ್ಟರಲ್ಲಿ ಗಂಗೂಬಾಯಿ ಅವಳ ಕಿವಿಯ ಬಳಿ ಬಾಗಿ, "ಮೊದಲಿನ ಎರಡೂ ನನ್ನವು. ಕಡೀದು ನಿಂದವಾ," ಎಂದರು. ಜನ್ನತಳ ಮುಖ ಬಿಸಿಯಾಯಿತು.

"ಎಷ್ಟು ಮಾರ್ಕ್ಸ್ ಹಾಕೂಣು?" ಗಂಗೂಬಾಯಿ ಕೇಳಿದರು.

"ಇಪ್ಪತ್ತಕ್ಕ ಹತ್ತೊಂಬತ್ತ್ರಿ."

"ಒಂದ್ಯಾಕ ಕಟ್ ಮಾಡ್ತಿ?"

"ನಿಮ್ಮ ದನಿ ಇನ್ನೂ ದಪ್ಪ ಐತ್ರಿ."

ಗಂಗೂಬಾಯಿ ಹೊಟ್ಟೆ ಕುಲುಕುವಂತೆ ನಕ್ಕರು. ಅವರು ನಕ್ಕದ್ದನ್ನು ಆ ಶಾಲೆಯಲ್ಲಿ ಯಾರೂ ನೋಡಿರಲಿಲ್ಲ.

ಸಂಜೆ ಜನ್ನತ ಅಡುಗೆ ಕೋಣೆಗೆ ಹೋದಳು. "ಬಾಯವ್ವಕ್ಕಾ, ನಂದು ತಪ್ಪಾತ್ರಿ."

"ಇರಲಿ ಬಿಡ್ರಿ," ಅಂದಳು ಬಾಯವ್ವ. "ನಾನೂ ಎರಡು ತಿಂಗಳಿಂದ ನಿಮ್ಮ ಚಾದಾಗ ಸಕ್ರಿ ಕಡಿಮಿ ಹಾಕಾಕತ್ತೇನ್ರಿ."

ಸ್ವಭಾವ ಒಂದೇ ದಿನಕ್ಕೆ ಬದಲಾಗಲಿಲ್ಲ. ಮೇ ತಿಂಗಳ ವೇಳಾಪಟ್ಟಿಗಾಗಿ ಇಬ್ಬರೂ ಮೇಡಂಗಳು ಕಿಟಕಿ ಅದುರುವಷ್ಟು ಜಗಳಾಡಿದರು. ಆದರೆ ಹೊರಗೆ ಹುಡುಗಿಯರ ಚಪ್ಪಲಿ ಸದ್ದಾದದ್ದೇ ತಡ, ದನಿ ತಗ್ಗಿತು.

"ನೀವು ಹೇಳ್ರಿ ಮೇಡಂ."

"ಇಲ್ರಿ, ನೀವ ಹೇಳ್ರಿ."