ಟೈಲರಕ್ಕ ಹಾರಿದ ಸಿನಿಮಾ

ಕುಮಟಾದಲ್ಲಿ ನಮ್ಮ ಮನೆಯೆದುರು ರವಿಕೆ ಹೊಲಿಯುತ್ತಿದ್ದ ಟೈಲರಕ್ಕನೇ ನಾನು ಕಣ್ಣಾರೆ ಕಂಡ ಸೂಪರ್‌ಹೀರೋ. ಕಾಲೇಜಿನ ನಾವು ನಾಲ್ಕೈದು ಜನ ಕೈಖರ್ಚಿನಲ್ಲೇ ಒಂದು ತಮಾಷೆಯ ಸೂಪರ್‌ಹೀರೋ ಸಿನಿಮಾ ಮಾಡಹೊರಟು, ನಾಯಕನ ಉಡುಪು ಹೊಲಿಸಲು ಅವರಲ್ಲಿಗೆ ಹೋಗಿದ್ದೆವು. ಚಿತ್ರೀಕರಣದ ದಿನ ಆ ಉಡುಪು ನೋಡಿ ನಾಚಿದ ನಾಯಕ ಬರಲೇ ಇಲ್ಲ. ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಅದಕ್ಕೆಂತ? ನಾನೇ ಹಾಕ್ಕಂತೆ. ಹೊಲಿಗೆ ಬಿಟ್ರೆ ಮತ್ತೆ ಹೊಲಿದ್ರಾತು," ಎಂದರು. ಯಾವ ಕಷ್ಟಕ್ಕೂ ಅವರದು ಅದೇ ಮಾತು.

ಮುರ್ಡೇಶ್ವರದ ಕಡಲತೀರದಲ್ಲಿ ಬೆಂಚಿನ ಮೇಲೆ ಬೋರಲು ಮಲಗಿ, ಕೈ ಮುಂದೆ ಚಾಚಿ, ಅಕ್ಕ ಹಾರಿದರು. ಹೆಗಲಿಗೆ ಕಟ್ಟಿದ ಕೆಂಪು ಸೀರೆಯ ತುಂಡನ್ನು ನಾನು ಹಿಂದಿನಿಂದ ಪಟಪಟ ಅಲ್ಲಾಡಿಸಿದೆ.

ಸಮುದಾಯ ಭವನದಲ್ಲಿ ಪ್ರದರ್ಶನ. ಕೇರಿಗೆ ಕೇರಿಯೇ ಬಂದಿತ್ತು. ಶುರುವಾದ ಕೂಡಲೇ ಧ್ವನಿ ಕೈಕೊಟ್ಟಿತು. ಜನ ಏಳತೊಡಗಿದರು, ನಮಗೆ ಅಳುವೇ ಬಂತು. ಅಷ್ಟರಲ್ಲಿ ಅಕ್ಕ ಪರದೆಯ ಪಕ್ಕ ನಿಂತು, "ಎಲ್ಲ ಕುತ್ಕಣಿ! ನಾನೇ ಮಾತಾಡ್ತೆ," ಎಂದು ಗದರಿದರು. ತಮ್ಮ ಮಾತು, ಖಳನ ಅಬ್ಬರ, ಪೊಲೀಸರ ಸೀಟಿ, ಗಾಳಿಯ ಸುಯ್ಯೆಂಬ ಸದ್ದು ಎಲ್ಲವೂ ಅವರದೇ. ಸಂಭಾಷಣೆ ಮರೆತಲ್ಲಿ ಖಳ ಬಂಗಡೆ ಸಾರು ಮಾಡುವ ಬಗೆ ವಿವರಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಕ್ಕ ಈಗ ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊನ್ನೆ ಹೊನ್ನಾವರದಲ್ಲಿ ಗೆಳೆಯರೆಲ್ಲ ಸೇರಿ, ಧ್ವನಿ ಸರಿಪಡಿಸಿದ ಆ ಸಿನಿಮಾ ಹಾಕಿದೆವು. ಯಾಕೋ ರುಚಿಸಲಿಲ್ಲ. ಸದ್ದು ಬಂದ್ ಮಾಡಿ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆವು.

"ಎಲ್ಲಿಗೆ ಬಂತ್ರೋ?"

"ಖಳ ಬಾಗಿಲು ಒಡೆದ, ಅಕ್ಕಾ."

ಅವರು ಗಂಟಲು ಸರಿಪಡಿಸಿಕೊಂಡದ್ದು ಎಲ್ಲರಿಗೂ ಕೇಳಿಸಿತು.